ತುಂಡಾದ ದಾರದ ಬೆಲೆ

ಹೊರಬಯಲಿನ ಕ್ರೀಡೆಗಳಲ್ಲಿ ನಮ್ಮ ಪಟ್ಟಣಿಗರಿಗೆ ಈಚೆಗೆ ಹುಟ್ಟಿರುವ ಆಸಕ್ತಿ ಮೆಚ್ಚತಕ್ಕದ್ದೇ. ವಾರವಿಡೀ ಕುರ್ಚಿಗೆ ಅಂಟಿಕೊಂಡಿದ್ದವರು ಶನಿವಾರ ಬಂತೆಂದರೆ ಕುಮಾರಪರ್ವತವನ್ನೋ ರಾಮನಗರದ ಬಂಡೆಗಳನ್ನೋ ಗಣೇಶಗುಡಿಯ ಬಳಿಯ ಕಾಳಿ ನದಿಯನ್ನೋ ಅರಸಿ ಹೊರಡುವುದರಿಂದ ದೇಹಕ್ಕೂ ಮನಸ್ಸಿಗೂ ಹಿತವೇ ಹೊರತು ಅಹಿತವೇನೂ ಇಲ್ಲ. ಆದರೆ ಬೆಟ್ಟದ ಮೆಟ್ಟಿಲಿಗಿಂತ ಮೊದಲು ಅವರು ಹತ್ತುವುದು ಅಂಗಡಿಯ ಮೆಟ್ಟಿಲನ್ನು. ಅಲ್ಲಿ ಅವರು ಕೇಳುವುದು ಬೆಲೆ ಎಷ್ಟು, ತೂಕ ಎಷ್ಟು, ಯಾವ ಕಂಪನಿಯದು ಎಂದು. ಇವು ಕೇಳಬಾರದ ಪ್ರಶ್ನೆಗಳೆಂದು ನಾನು ಹೇಳಲಾರೆ. ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದುಂಟೆಂದೂ, ಅದನ್ನು ಪ್ರಾಮಾಣಿಕವಾಗಿ ಕೇಳಿಕೊಂಡವನಿಗೆ ಉಳಿದವುಗಳ ಉತ್ತರ ತಾನಾಗಿಯೇ ಹೊಳೆಯುವುದೆಂದೂ ಮಾತ್ರ ನನ್ನ ಅಭಿಪ್ರಾಯ. ಈ ಸಾಧನ ಕೈಕೊಟ್ಟರೆ ಅದರ ಬೆಲೆಯನ್ನು ತೆರುವವರು ಯಾರು?

ಬಂಡೆ ಹತ್ತುವವನ ಹಗ್ಗವನ್ನು ತೆಗೆದುಕೊಳ್ಳೋಣ. ಹಿಗ್ಗುವ ಹಗ್ಗವೆಂದೂ ಹಿಗ್ಗದ ಹಗ್ಗವೆಂದೂ ಅದರಲ್ಲಿ ಎರಡು ಜಾತಿ. ಹೊಸಬನ ಕಣ್ಣಿಗೆ ಹಿಗ್ಗದ ಹಗ್ಗವೇ ಗಟ್ಟಿಯಾಗಿಯೂ ನಂಬಿಕೆಗೆ ಅರ್ಹವಾಗಿಯೂ ಕಾಣುವುದು ಸಹಜ. ಆದರೆ ಅದು ಇಳಿಯುವುದಕ್ಕೂ ಸಾಮಾನನ್ನು ಮೇಲಕ್ಕೆ ಎಳೆಯುವುದಕ್ಕೂ ತಕ್ಕುದೇ ಹೊರತು, ಹತ್ತುತ್ತಿರುವವನು ಕಾಲು ಜಾರಿ ಬಿದ್ದಾಗ ಅವನನ್ನು ತಡೆಯುವುದಕ್ಕಲ್ಲ. ಹಿಗ್ಗುವ ಹಗ್ಗ ಬೀಳುವಿಕೆಯ ಜಗ್ಗನ್ನು ತಾನೇ ನುಂಗಿಕೊಳ್ಳುತ್ತದೆ. ಹಿಗ್ಗದ್ದು ಅದನ್ನು ಇಡಿಯಾಗಿ ಅವನ ಸೊಂಟಕ್ಕೆ ಒಪ್ಪಿಸಿಬಿಡುತ್ತದೆ. ಮಳೆಗಾಲದಲ್ಲಿ ದಪ್ಪ ಹತ್ತಿಯ ಷರಾಯಿ ತೊಟ್ಟು ಕಾಡುಬೆಟ್ಟವನ್ನು ಹತ್ತಿ ಒದ್ದೆ ಬಟ್ಟೆಯ ಭಾರದಲ್ಲಿ ನಡುಗುವವನ ಕಥೆಯೂ, ಜೀವರಕ್ಷಕ ಅಂಗಿಯ ಪಟ್ಟಿಗಳನ್ನು ಬಿಗಿಯದೆ ರಬ್ಬರು ದೋಣಿಯಲ್ಲಿ ಕುಳಿತವನ ಕಥೆಯೂ ಇದೇ ಬಗೆಯವು. ಇವೆಲ್ಲದರಲ್ಲಿಯೂ ತಪ್ಪು ಮಾಡಿದವನೇ ದಂಡ ತೆರುವವನು. ಆದುದರಿಂದಲೇ ಈ ಕ್ರೀಡೆಗಳಲ್ಲಿ ಜನ ಬೇಗ ಕಲಿಯುತ್ತಾರೆ. ಅನುಭವಸ್ಥರ ಮಾತಿಗೆ ಕಿವಿಗೊಡುತ್ತಾರೆ.

ಗಾಳ ಹಾಕುವವನ ವಿಷಯ ಹಾಗಲ್ಲ. ದಾರ ತುಂಡಾದರೆ ಅವನು ಕಳೆದುಕೊಳ್ಳುವುದು ಒಂದು ಗಾಳವನ್ನು, ಕೆಲವು ಮಾರು ದಾರವನ್ನು. ಸಂಜೆ ಮಿತ್ರರಿಗೆ ಹೇಳಲು ಸಿಕ್ಕುವ ಕಥೆಯನ್ನು ಲಾಭದ ಬಾಬಿಗೆ ಬರೆದುಕೊಂಡರೆ ಅವನಿಗೆ ನಷ್ಟವೇ ಇಲ್ಲವೆನ್ನಬಹುದು. ಮೀನಾದರೋ ಬಾಯಲ್ಲಿ ಉಕ್ಕನ್ನೂ ಬೆನ್ನ ಹಿಂದೆ ನೈಲಾನ್ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಆ ದಾರ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಅದರ ಕೊನೆ. ಆಯ್ಕೆ ಒಬ್ಬನದು, ದಂಡ ಇನ್ನೊಬ್ಬರದು. ಹೊರಬಯಲಿನ ಕ್ರೀಡೆಗಳಲ್ಲಿ ಸಾಧನದ ಆಯ್ಕೆ ಬರಿಯ ವ್ಯವಹಾರವಾಗಿರದೆ ಧರ್ಮದ ಪ್ರಶ್ನೆಯೂ ಆಗಿಬಿಡುವ ಎಡೆ ಇದ್ದರೆ ಅದು ಇದೇ.

ಮಾತನ್ನು ಸಾಮಾನ್ಯವಾಗಿ ಬಿಡದೆ ಕಾವೇರಿಯ ಮಹಶೀರ್ ಮೀನನ್ನೇ ಕುರಿತು ಹೇಳುವೆನು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ, ತನ್ನ ದೇಶದವರು ಗಾಳದ ಮೀನುಗಳಲ್ಲೆಲ್ಲ ರಾಜನೆಂದು ಕೊಂಡಾಡುತ್ತಿದ್ದ ಸಾಲ್ಮನ್ನಿಗಿಂತಲೂ ಮಹಶೀರ್ ಬಲದಲ್ಲಿ ಮಿಗಿಲೆಂದು ವಾದಿಸಿದ್ದನು. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನಕ್ಕೆ ಸೇರಿದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರಿನ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋ. ಇಂಥ ಮೀನು ಗಾಳ ಕಚ್ಚಿದೊಡನೆ ಮಾಡುವ ಮೊದಲ ಓಟ ಪ್ರವಾಹದೊಡನೆ ಕೆಳಮುಖವಾಗಿ, ಬಂಡೆಗಳ ನಡುವೆ. ಅದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲುಂಟು. ಏಡಿಯ ಚಿಪ್ಪನ್ನು ಪುಡಿಮಾಡುವ ಆ ಶಕ್ತಿಯ ಮುಂದೆ ತೆಳುವಾದ ಗಾಳದ ತಂತಿ ನಿಲ್ಲಲಾರದು. ದಡದ ಹಳ್ಳಿಗರು ಬಹುಕಾಲದಿಂದ ರಾಗಿ ಹಿಟ್ಟನ್ನು ಬೇಯಿಸಿ, ನಾದಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವುದನ್ನು ಬಲ್ಲರು; ದೇಶಾಂತರಗಳಿಂದ ಬಂದ ದೊರೆಗಳು ತಮ್ಮ ಹೊಳೆಯುವ ಕೃತಕ ಮೀನುಗಳನ್ನೆಲ್ಲ ಪೆಟ್ಟಿಗೆಗೆ ಹಿಂದಿರುಗಿಸಿ ಕೊನೆಗೆ ಈ ರಾಗಿಯುಂಡೆಗೇ ಶರಣಾದುದುಂಟು. ಸಾಧನದ ವಿವೇಕ ಅದನ್ನು ಬಳಸುವ ನೀರಿನ ಬಳಿಯಲ್ಲಿಯೇ ಸಿಕ್ಕುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಈಗ ಒಂದು ಹಳೆಯ ಅಭಿಮಾನವನ್ನು ಎದುರಿಸಬೇಕಾಗಿದೆ. ಹಗುರವಾದ ಕೋಲಿನಿಂದಲೂ ಸಣ್ಣ ದಾರದಿಂದಲೂ ದೊಡ್ಡ ಮೀನನ್ನು ದಣಿಸಿ ತರುವುದೇ ಕಲೆಯೆಂದೂ, ದಪ್ಪ ದಾರದವನು ಬರಿಯ ಎಳೆದಾಟದವನೆಂದೂ ಗಾಳಗಾರರಲ್ಲಿ ಒಂದು ಮತವುಂಟು. 1939ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ ದಾರದ ಬಲಕ್ಕನುಸಾರವಾಗಿ ಬೇರೆಬೇರೆ ದಾಖಲೆಗಳನ್ನಿಡುವುದರಿಂದ ಈ ಮತಕ್ಕೆ ಒಂದು ಬಗೆಯ ರಾಜಮುದ್ರೆಯೂ ದೊರೆತಿದೆ. ಹಿಡಿದ ಮೀನು ಹೇಗಿದ್ದರೂ ಬಾಣಲೆಗೇ ಹೋಗುತ್ತಿದ್ದ ಕಾಲದಲ್ಲಿ ಈ ಅಭಿಮಾನ ನಿರುಪದ್ರವಿಯಾಗಿತ್ತು. ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡಬೇಕೆಂಬ ನಿಯಮ ಬಂದಮೇಲೆ ಅದರ ಅರ್ಥವೇ ತಿರುಗಿಹೋಯಿತು. ಹೋರಾಟ ನೀಳವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ; ಬೇಸಗೆಯ ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಮೆ; ನಮ್ಮಲ್ಲಿ ಗಾಳದ ಹಂಗಾಮು ನೀರು ಇಳಿದಿರುವ ಆ ಬೇಸಗೆಯೇ. ಬಿಟ್ಟೊಡನೆ ಬಾಲ ಬೀಸಿ ಮರೆಯಾದ ಮೀನು ಕೆಲವು ಗಂಟೆಗಳ ಮೇಲೆ ಮಡುವಿನ ತಳದಲ್ಲಿ ಸತ್ತು ಬಿದ್ದರೆ ಅದನ್ನು ನೋಡುವವರಿಲ್ಲ. ಛಾಯಾಚಿತ್ರದಲ್ಲಿ ನಗುತ್ತಿರುವ ಕಲಾವಿದನಿಗಂತೂ ಅದು ತಿಳಿಯುವುದೇ ಇಲ್ಲ. ಆದುದರಿಂದ ಮೀನಿನ ಬಲಕ್ಕಿಂತ ಒಂದು ಕೈ ಹೆಚ್ಚಾಗಿಯೇ ಬಲವುಳ್ಳ ಸಾಧನವನ್ನು ಹಿಡಿದು ಆಟವನ್ನು ಬೇಗ ಮುಗಿಸುವವನನ್ನೇ ನಾನು ಸಜ್ಜನ ಗಾಳಗಾರನೆನ್ನುವೆನು. ಅವನಿಗೆ ದಾಖಲೆಯ ಪಟ್ಟಿಯಲ್ಲಿ ಸ್ಥಾನ ಸಿಗದಿದ್ದರೆ ಲೋಪ ಆ ಪಟ್ಟಿಯದು.

ಇಷ್ಟನ್ನು ಒಪ್ಪಿದವನಿಗೆ ಅಂಗಡಿಯಲ್ಲಿನ ಗೊಂದಲ ಬಹುಮಟ್ಟಿಗೆ ಕಡಮೆಯಾಗುವುದು. ಹಿಂದೆ ಆರು ಸೀಳುಗಳನ್ನು ಅಂಟಿಸಿ ಮಾಡುತ್ತಿದ್ದ ಬಿದಿರ ಕೋಲು ಇತ್ತು (ಇಂಗ್ಲೆಂಡು ಅಮೆರಿಕಗಳ ಕುಶಲಕರ್ಮಿಗಳು ಅದಕ್ಕೆ ಮೊದಮೊದಲು ತರಿಸಿಕೊಳ್ಳುತ್ತಿದ್ದ ಬಿದಿರು ಕಲ್ಕತ್ತೆಯ ಹೆಸರಿನದು, ಚೀನದ ಬಿದಿರು ಅದರ ಸ್ಥಾನವನ್ನಾಕ್ರಮಿಸಿದುದು ಆಮೇಲೆ), 1970ರ ದಶಕದಿಂದೀಚೆಗೆ ಕಾರ್ಬನ್ ತಂತುವಿನ ಕೋಲು ಬಂದಿದೆ. ಯಾವುದಾದರೂ ಆಗಲಿ, ತುದಿ ಬಳುಕಿದರೂ ನಡು ಬಗ್ಗದಿರಬೇಕು. ದಾರದ ವಿಷಯದಲ್ಲಿ ಹೆಚ್ಚು ಯೋಚನೆ ಬೇಕು. ಹೆಣೆದ ದಾರ ಸಣ್ಣದಾಗಿದ್ದೂ ಬಲವಾಗಿರುವುದರಿಂದ ಎಲ್ಲರೂ ಅದನ್ನೇ ಬಯಸುತ್ತಾರೆ. ಆದರೆ ಅದು ಹಿಗ್ಗದು, ಕಾವೇರಿಯ ಕಲ್ಲಿನ ಅಂಚಿಗೆ ಉಜ್ಜಿದರೆ ಒಂದೊಂದೇ ಎಳೆಯಾಗಿ ಹರಿದುಹೋಗುವುದು. ಒಂಟಿ ಎಳೆಯ ದಪ್ಪ ನೈಲಾನ್ ನೋಡಲು ಒರಟು, ಆದರೆ ಹಿಗ್ಗಿ ಕುಗ್ಗಿ ಜಗ್ಗನ್ನು ತಾಳಿಕೊಳ್ಳುತ್ತದೆ. ಬಂಡೆ ಹತ್ತುವವನ ಹಗ್ಗದಲ್ಲಿ ಕಂಡ ನ್ಯಾಯವೇ ಇಲ್ಲಿಯೂ. ನೈಲಾನ್ ನೆನೆದಾಗ ತನ್ನ ಬಲದ ಒಂದಂಶವನ್ನೂ, ಗಂಟಿನಲ್ಲಿ ಮತ್ತೊಂದಂಶವನ್ನೂ, ಬಿಸಿಲಿನಲ್ಲಿ ವರ್ಷಕ್ಕಿಷ್ಟೆಂದು ಉಳಿದುದನ್ನೂ ಕಳೆದುಕೊಳ್ಳುವುದರಿಂದ, ಉರುಳೆಯ ಮೇಲೆ ಅಚ್ಚಾಗಿರುವ ಅಂಕಿಯನ್ನು ಪೂರ್ಣವಾಗಿ ನಂಬತಕ್ಕುದಲ್ಲ. ರೀಲಿನ ಬಿಗಿಯನ್ನು ಆ ಅಂಕಿಯ ಮೂರನೆಯ ಒಂದಂಶಕ್ಕೆ ಮೀರದಂತೆ ಇಟ್ಟುಕೊಳ್ಳುವುದು ಬಲ್ಲವರ ಪದ್ಧತಿ.

ಗಾಳದ ತುದಿಯ ಹಿಂದೆ ಇರುವ ಚಿಕ್ಕ ಮುಳ್ಳು ಮೀನನ್ನು ಬಿಡದಿರಲೆಂದು ಇರುವುದು. ಬಿಡಲೆಂದೇ ಹಿಡಿಯುವವನಿಗೆ ಅದು ಏತಕ್ಕೆ? ಇಕ್ಕಳದಿಂದ ಅದನ್ನು ಒತ್ತಿ ಚಪ್ಪಟೆ ಮಾಡಲು ಅರೆಗಳಿಗೆ ಸಾಕು. ತುದಿ ಒಳಕ್ಕೆ ಬಾಗಿರುವ ದುಂಡು ಗಾಳ ಇನ್ನೂ ಉತ್ತಮ. ಅದು ಹೊಟ್ಟೆಗಿಳಿಯದೆ ದವಡೆಯ ಮೂಲೆಯಲ್ಲಿ ನೆಡುತ್ತದೆ. ಪೆಸಿಫಿಕ್ ದ್ವೀಪಗಳ ಜನ ಎಲುಬಿನಿಂದಲೂ ಚಿಪ್ಪಿನಿಂದಲೂ ಈ ಆಕಾರವನ್ನು ಬಹು ಹಿಂದೆಯೇ ಕಡೆದಿದ್ದರು. ಗಂಟುಗಳ ಒರಟು ಬಲೆ ಮೀನಿನ ಮೈಯ ಲೋಳೆಯನ್ನು ಕೆರೆದುಹಾಕುವುದರಿಂದ ಗಂಟಿಲ್ಲದ ರಬ್ಬರು ಬಲೆ ಬೇಕು. ಸೀಸದ ಗುಂಡುಗಳ ಮಾತೂ ಉಂಟು: ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದುವೆಂದು ಬ್ರಿಟನ್ನಿನಲ್ಲಿ 1987ರಿಂದ ಸಣ್ಣ ಸೀಸದ ತೂಕಗಳ ಮಾರಾಟವನ್ನೇ ನಿಲ್ಲಿಸಿದರು. ನಮ್ಮ ಅಂಗಡಿಗಳಲ್ಲಿ ಅವು ಹಿಡಿಹಿಡಿಯಾಗಿ ಸಿಕ್ಕುತ್ತವೆ.

ಇಷ್ಟೆಲ್ಲ ತೊಡಕೇಕೆ, ಹಿಡಿಯದೆ ಬಿಡುವುದೇ ಉತ್ತಮವಲ್ಲವೇ ಎಂದು ಕೇಳುವವರಿಗೆ ಉತ್ತರ ಸುಲಭವಲ್ಲ. ಶೃಂಗೇರಿಯಲ್ಲಿಯೂ ಶಿಶಿಲದಲ್ಲಿಯೂ ರಾಮನಾಥಪುರದಲ್ಲಿಯೂ ಇವೇ ಬಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ನಾಡು ನಮ್ಮದು. ವನ್ಯಜೀವಿ ಕಾಯಿದೆಯೂ ಕಾವೇರಿ ಅಭಯಾರಣ್ಯದೊಳಗಿನ ಗಾಳವನ್ನು ನಿಲ್ಲಿಸಿತು. ಆದರೆ ಆ ಗಾಳಗಾರರು ಬಿಟ್ಟುಹೋದ ಒಂದು ಸಾಧನವನ್ನು ಮರೆಯುವುದು ಕೃತಘ್ನತೆಯಾದೀತು. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರುಗಳ ಲೆಕ್ಕವನ್ನು, ಆರು ಸಾವಿರಕ್ಕೂ ಮಿಕ್ಕವನ್ನು, ತೂಕ ಮತ್ತು ಶ್ರಮದ ಗಂಟೆಗಳೊಡನೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಸ್ತಕಗಳನ್ನು ಪರಿಶೀಲಿಸಿ ನೋಡಿದಾಗ ಕಂಡದ್ದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದ್ದಂತೆ ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಶೀರ್ ಕಡಮೆಯಾಗುತ್ತ ಬಂದುದನ್ನು. ಸಿಕ್ಕ ಕೆಲವೂ ದೊಡ್ಡವೇ, ಮರಿಗಳು ಬರುತ್ತಲೇ ಇರಲಿಲ್ಲ. ಲೋಕವೆಲ್ಲ ಹೊಗಳಿದ ಆ ಮೀನಿಗೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ನಾಮ ನಿಶ್ಚಯವಾದುದು 2018ರಲ್ಲಿ. ಅದು ಅಳಿವಿನ ಅಂಚಿನಲ್ಲಿರುವುದೆಂಬ ಘೋಷಣೆಯೂ ಆ ವರ್ಷದ್ದೇ. ಗಾಳ ನೋಯಿಸಿತು, ನಿಜ. ಆದರೆ ಆ ಜೀವ ಮರೆಯಾಗುತ್ತಿರುವ ಸುದ್ದಿಯನ್ನು ತಂದದ್ದೂ ಗಾಳದ ಜೊತೆಗಿದ್ದ ತಕ್ಕಡಿ ಮತ್ತು ಪುಸ್ತಕವೇ.

ಆದುದರಿಂದ ನಿಷೇಧದ ಎಲ್ಲೆಯ ಹೊರಗೆ ಪರವಾನಗಿ ಕೊಡುತ್ತಿರುವ ಸಂಘಗಳಿಗೂ ಮೀನುಗಾರಿಕೆ ಇಲಾಖೆಗೂ ನನ್ನ ಬಿನ್ನಹವಿಷ್ಟೆ. ಪರವಾನಗಿಯ ಚೀಟಿಯಲ್ಲಿ ಶುಲ್ಕವನ್ನೂ ದಿನಾಂಕವನ್ನೂ ಅಚ್ಚುಮಾಡುವಂತೆಯೇ ಸಾಧನದ ಷರತ್ತುಗಳನ್ನೂ ಅಚ್ಚುಮಾಡಿಸಲಿ: ಮುಳ್ಳಿಲ್ಲದ ಒಂಟಿ ಗಾಳ, ಆ ನೀರಿನ ಮೀನಿಗೆ ತಕ್ಕ ಕನಿಷ್ಠ ಬಲದ ದಾರ, ಗಂಟಿಲ್ಲದ ಬಲೆ. ದಡದಲ್ಲಿ ಪರೀಕ್ಷಿಸುವ ಕೆಲಸಕ್ಕೆ ಆ ಹೊಳೆಯಲ್ಲಿಯೇ ಹರಿಗೋಲು ಹಾಕಿ ಬೆಳೆದವರನ್ನು ನೇಮಿಸಲಿ. ಅವರಷ್ಟು ಬಲ್ಲ ಪರೀಕ್ಷಕರು ಯಾವ ಕಚೇರಿಯಲ್ಲಿಯೂ ಸಿಕ್ಕರು. ಚೀಟಿಯ ಬೆನ್ನಿನಲ್ಲಿ ಒಂದು ಕೋಷ್ಟಕವಿರಲಿ. ಮೀನಿನ ಜಾತಿ, ಉದ್ದ, ಕಳೆದ ಗಂಟೆಗಳು, ತುಂಡಾದ ದಾರಗಳ ಸಂಖ್ಯೆ ಇಷ್ಟನ್ನು ತುಂಬಿ ಒಪ್ಪಿಸದವನಿಗೆ ಮುಂದಿನ ಪರವಾನಗಿ ದೊರೆಯದಿರಲಿ. ಏನೂ ಸಿಕ್ಕದ ದಿನವನ್ನೂ ಬರೆಯಬೇಕು, ಏಕೆಂದರೆ ಅದಿಲ್ಲದೆ ಲೆಕ್ಕ ಲೆಕ್ಕವೇ ಆಗದು. ಬರಿಗೈಯಲ್ಲಿ ಬಂದುದನ್ನು ಸಹಿ ಹಾಕಿ ಒಪ್ಪಿಕೊಳ್ಳಲು ಗಾಳಗಾರರಲ್ಲಿ ಎಷ್ಟು ಮಂದಿ ಸಿದ್ಧರಾಗುವರೆಂಬುದನ್ನು ಮಾತ್ರ ನಾನು ಊಹಿಸಹೋಗುವುದಿಲ್ಲ.