ಬಸ್ಸಿಗೆ ಎಫ್.ಸಿ. ಇದೆ, ಅವ್ವನಿಗೆ?

ಬಸ್ಸಿಗೆ ಕಾಲಕಾಲಕ್ಕೆ ಎಫ್.ಸಿ. ಆಗಲೇಬೇಕು. ಬ್ರೇಕು ಚೆನ್ನಾಗಿ ಹಿಡಿಯುತ್ತಿದ್ದರೂ ಆರ್.ಟಿ.ಓ. ಸಾಹೇಬರ ಮುಂದೆ ನಿಲ್ಲಿಸಿ ತೋರಿಸಲೇಬೇಕು. ಕಿರಾಣಿ ಅಂಗಡಿಯ ತಕ್ಕಡಿಯ ಕಥೆಯೂ ಅಷ್ಟೆ. ತೂಕ ಸರಿಯಾಗಿದ್ದರೂ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ತಪ್ಪದು. 'ಕೆಟ್ಟ ಮೇಲೆ ನೋಡೋಣ ಬಿಡ್ರಿ' ಎಂದರೆ ಯಾವ ಅಧಿಕಾರಿಯೂ ಕೇಳುವುದಿಲ್ಲ. ಆದರೆ ಅದೇ ಬಸ್ಸಿನಲ್ಲಿ ಓಡಾಡುವ, ಅದೇ ಅಂಗಡಿಯ ದುಡಿಮೆಯಲ್ಲಿ ಮನೆ ತೂಗಿಸುವ ಹೆಣ್ಣುಮಗಳ ವಿಷಯ ಬಂದಾಗ ಮಾತ್ರ ನಮ್ಮ ಕಾಯಿದೆಯೇ ಬೇರೆ. ನೋವು ಬರಲಿ, ಆಮೇಲೆ ನೋಡೋಣ!

ಗರ್ಭಕೊರಳಿನ ಕ್ಯಾನ್ಸರ್ ಎಂಬ ರೋಗ ಬೆಳೆಯುವುದೇ ಈ 'ಆಮೇಲೆ' ಎಂಬ ಮಾತಿನ ಮೇಲೆ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ತಗುಲಿತು. ಸತ್ತವರು ಸುಮಾರು 80 ಸಾವಿರ. ದಿನದ ಲೆಕ್ಕ ಹಾಕಿದರೆ ಇನ್ನೂರರ ಮೇಲೆ. ಐವತ್ತು ಸೀಟಿನ ನಾಲ್ಕು ಬಸ್ಸು ತುಂಬುವಷ್ಟು ಅವ್ವಂದಿರು, ಅಕ್ಕಂದಿರು, ದಿನಾಲೂ! ನಾಲ್ಕು ಬಸ್ಸು ಹಳ್ಳಕ್ಕೆ ಬಿದ್ದರೆ ಮಂತ್ರಿಗಳು ಓಡಿ ಬರುತ್ತಾರೆ. ಇವರು ಒಬ್ಬೊಬ್ಬರಾಗಿ, ತಮ್ಮ ತಮ್ಮ ಮನೆಯ ಮೂಲೆಯಲ್ಲಿ ಸಾಯುತ್ತಾರೆ. ಸುದ್ದಿಯಾಗುವುದಿಲ್ಲ.

ಈ ರೋಗ ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಎಚ್.ಪಿ.ವಿ. ಎಂಬ ವೈರಸ್ಸಿನಿಂದ ಬರುವಂಥದ್ದು. ಗಂಡ-ಹೆಂಡಿರ ಸಂಬಂಧದಲ್ಲಿ ಹರಡುತ್ತದೆ. ಗಂಡಸಿನ ಮೈಯಲ್ಲೂ ಇರುತ್ತದೆ, ಅವನಿಂದ ಹೆಂಡತಿಗೆ ಬರುತ್ತದೆ. ಬಹಳಷ್ಟು ಮಂದಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಬೇರೂರಿ, ಹತ್ತು-ಹದಿನೈದು ವರ್ಷ ಒಳಗೊಳಗೇ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತದೆ. ಅಷ್ಟೂ ವರ್ಷ ನೋವಿಲ್ಲ, ಬೇನೆಯಿಲ್ಲ. ತಪಾಸಣೆಗೆ ಬಾ ಅಂದರೆ, 'ನನಗೇನಾಗ್ಯಾದ್ರಿ? ಕಲ್ಲಿನಂಗ ಗಟ್ಟಿ ಅದೀನಿ' ಎಂಬ ಉತ್ತರ. ಮುಟ್ಟು ನಿಂತ ಮೇಲೂ ರಕ್ತ ಕಂಡು, ವಾಸನೆಯ ಬಿಳಿ ಸೆರಗು ಹೋಗಿ, ಸೊಂಟ ಹಿಡಿದು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ಗಟ್ಟಿಯಾಗಿರುವಾಗಲೇ ನೋಡಿಸಿಕೊಳ್ಳಬೇಕಾದ ರೋಗ ಇದು. ನೋಡುವುದೂ ದೊಡ್ಡ ಕೆಲಸವಲ್ಲ. ತರಬೇತಾದ ನರ್ಸಮ್ಮ ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥ ದ್ರಾವಣ, ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಪದರವಿದ್ದರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಬಹುದಾದ ಪದರವಿದ್ದರೆ ಬಿಸಿಯಿಂದಲೋ ಅತಿ ತಂಪಿನಿಂದಲೋ ಅದನ್ನು ಸುಟ್ಟು ತೆಗೆಯಬಹುದು. 30ರಿಂದ 65 ವರ್ಷದ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಕಾಗದದ ಮೇಲೆ ಬರೆದಿಟ್ಟಿದೆ.

ಕಾಗದದ ಮೇಲೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಪಕ್ಕದ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು ಹತ್ತು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಇದಕ್ಕೆ ಕಾರಣ ಕೇಳಿದರೆ ಸಿದ್ಧ ಉತ್ತರವಿದೆ: 'ನಮ್ಮ ಹೆಂಗಸರು ಬರೋದೇ ಇಲ್ರೀ. ನಾಚಿಕೆ, ಅಜ್ಞಾನ.' ಈ ಮಾತನ್ನು ಒಪ್ಪಲು ನಾವು ತಯಾರಿಲ್ಲ. ನಮ್ಮ ಬಳಿ ಸಾಕ್ಷಿಯಿದೆ, ಅದೂ ದೂರದ್ದಲ್ಲ. ಕಲಬುರಗಿಯಿಂದ ಹೊರಟು ಆಳಂದ ದಾಟಿ ಉಮರ್ಗಾ ಕಡೆ ಹೋದರೆ ಉಸ್ಮಾನಾಬಾದ್ ಜಿಲ್ಲೆ, ಈಗಿನ ಹೆಸರು ಧಾರಾಶಿವ. ಅಲ್ಲಿಯೂ ನಮ್ಮಂಥದೇ ಒಣಭೂಮಿ, ನಮ್ಮಂಥವೇ ಹಳ್ಳಿಗಳು. 1999ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯವರು ಅಂತರರಾಷ್ಟ್ರೀಯ ಸಂಸ್ಥೆಯೊಂದಿಗೆ ಸೇರಿ ಅಲ್ಲಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ಶುರುಮಾಡಿದರು. 1 ಲಕ್ಷ 31 ಸಾವಿರ ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಎಚ್.ಪಿ.ವಿ. ಪರೀಕ್ಷೆಯ ಗುಂಪಿನಲ್ಲಿದ್ದ 34 ಸಾವಿರ ಹೆಂಗಸರಲ್ಲಿ ಪರೀಕ್ಷೆಗೆ ಬಂದವರು 27 ಸಾವಿರಕ್ಕೂ ಹೆಚ್ಚು. ಐವರಲ್ಲಿ ನಾಲ್ವರು!

ಆ ಹೆಂಗಸರಿಗೆ ನಾಚಿಕೆ ಇರಲಿಲ್ಲವೇ? ಇತ್ತು. ಮನೆಯಲ್ಲಿ ಅತ್ತೆ, ಗಂಡ ಇರಲಿಲ್ಲವೇ? ಇದ್ದರು. ಆದರೆ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ, ಕೂತು, ತಿಳಿಸಿ ಹೇಳಿ ಕರೆದಿದ್ದರು. ಕರೆದದ್ದಕ್ಕೆ ಬಂದರು. ಎಂಟು ವರ್ಷದ ನಂತರ ಲೆಕ್ಕ ನೋಡಿದಾಗ, ಒಂದೇ ಒಂದು ಸಲದ ಆ ಪರೀಕ್ಷೆಯಿಂದ ಈ ರೋಗದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 2009ರಲ್ಲಿ ಜಗತ್ತಿಗೇ ಗೊತ್ತಾದ ಸಂಗತಿ ಇದು. ವಿನೆಗರ್ ಪರೀಕ್ಷೆ ಆ ಹಳ್ಳಿಗಳಲ್ಲಿ ಅಷ್ಟು ಫಲ ಕೊಡಲಿಲ್ಲ, ನಿಜ. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ, ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಎರಡು ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಮಾಡಿಸಿದಾಗ ಸಾವು ನೂರಕ್ಕೆ 31ರಷ್ಟು ಇಳಿಯಿತು. 2013ರಲ್ಲಿ ಪ್ರಕಟವಾದ ಲೆಕ್ಕ ಅದು. ಒಮ್ಮೆ ಬೋರ್ಡು ಕಟ್ಟಿ, ಫೋಟೋ ಹೊಡೆಸಿಕೊಂಡು, ಶಿಬಿರ ಮುಗಿಯಿತು ಎಂದರೆ ಆಗುವ ಕೆಲಸವಲ್ಲ ಇದು ಎಂದಾಯಿತು.

ಹಾಗಾದರೆ ಇಲ್ಲಿ ಆಗಬೇಕಾದದ್ದೇನು?

ಮೊದಲನೆಯದು ಆರೋಗ್ಯ ಇಲಾಖೆಗೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಆ ದಿನ ನರ್ಸಮ್ಮ ಇರಲೇಬೇಕು, ಬಾಗಿಲಿಗೆ ಪರದೆ ಇರಲೇಬೇಕು, ಹೊರಗೆ ಗಂಡಸರ ಸಾಲು ಇರಬಾರದು. ದಾರಿಖರ್ಚು ಈಗ ನೆಪವಾಗದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಬಂದವಳಿಗೆ 'ಇವತ್ತು ಸಿಸ್ಟರ್ ಇಲ್ಲ, ನಾಳೆ ಬಾ' ಎಂದರೆ ಆ ನಾಳೆ ಬರುವುದಿಲ್ಲ. ದೋಷ ಕಂಡವಳನ್ನು ಚೀಟಿ ಬರೆದು ಸಾಗಹಾಕದೆ, ಚಿಕಿತ್ಸೆ ಮುಗಿಯುವ ತನಕ ಬೆನ್ನು ಹತ್ತಬೇಕು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಎರಡನೆಯದು ಗಂಜ್, ಸೂಪರ್ ಮಾರ್ಕೆಟ್ಟಿನ ಸಾಹುಕಾರರಿಗೆ. ನಿಮ್ಮ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ, ಅಂಗಡಿಯಲ್ಲಿ ಕಸ ಹೊಡೆಯುವ ಹೆಣ್ಣುಮಗಳು ಅರ್ಧ ದಿನ ಆಸ್ಪತ್ರೆಗೆ ಹೋದರೆ ಅರ್ಧ ದಿನದ ಕೂಲಿ ಕಡಿಯಬೇಡಿ. ಐದು ವರ್ಷಕ್ಕೊಮ್ಮೆ ಅರ್ಧ ದಿನ. ಬಾಕಿ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಮೊತ್ತಗಳನ್ನು ನೀವು ಬಿಟ್ಟಿದ್ದೀರಿ.

ಮೂರನೆಯದು ಮನೆಯ ಯಜಮಾನರಿಗೆ. ಮಗಳಿಗೆ 9ರಿಂದ 14ರ ವಯಸ್ಸಿನಲ್ಲಿ ಎಚ್.ಪಿ.ವಿ. ಲಸಿಕೆ ಹಾಕಿಸಿ, ಒಳ್ಳೆಯದು. ಆದರೆ ಮಗಳ ಲಸಿಕೆ ಅವಳ ಅವ್ವನನ್ನು ಕಾಯುವುದಿಲ್ಲ. ಅವ್ವನಿಗೆ ಬೇಕಾದದ್ದು ತಪಾಸಣೆ. 'ಅದೆಲ್ಲಾ ಯಾಕ ಬೇಕು, ಸುಮ್ನಿರು' ಎಂಬ ನಿಮ್ಮ ಒಂದು ಮಾತು ಅವಳ ಹತ್ತು ವರ್ಷ ತಿನ್ನಬಹುದು. 'ನಡಿ, ನಾನೂ ಬರ್ತೀನಿ' ಎಂದು ನೋಡಿ.

ಇನ್ನು ಅಕ್ಕಂದಿರೇ, ಈ ಪತ್ರಿಕೆ ಬಸ್ಸಿನಲ್ಲಿ ನಿಮ್ಮ ಕೈಗೂ ಸಿಗುತ್ತದೆ ಎಂದು ಗೊತ್ತು. ಮೂವತ್ತು ದಾಟಿದ್ದರೆ, ಮೈಯಲ್ಲಿ ಏನೂ ಇಲ್ಲದಿದ್ದರೂ, ಆಶಾ ಕಾರ್ಯಕರ್ತೆಯನ್ನು ನೀವಾಗಿ ಕೇಳಿ: 'ನನ್ನ ತಪಾಸಣೆ ಯಾವ ದಿನ?' ಒಬ್ಬರೇ ಹೋಗಲು ಸಂಕೋಚವಾದರೆ ಓಣಿಯ ನಾಲ್ವರು ಕೂಡಿ ಹೋಗಿ. ನಡುವೆ ರಕ್ತ ಕಂಡರಂತೂ ಯಾವ ದಿನವನ್ನೂ ಕಾಯಬೇಡಿ.

ಹೆಂಗಸರು ಬರುವುದಿಲ್ಲ ಎಂಬ ಮಾತನ್ನು ಜಿಲ್ಲೆಯ ಅಧಿಕಾರಿಗಳು ಇನ್ನು ಬಿಡಲಿ. ಗಡಿಯಾಚೆಯವರು ಕರೆದರು, ಹೆಂಗಸರು ಬಂದರು, ಬದುಕಿದರು. ಇಲ್ಲಿ ಕರೆಯುವವರು ಯಾರು, ಯಾವಾಗ? ಈ ಊರಿಗೆ ಅದರ ಉತ್ತರ ಬೇಕು.