ಮನೆಯ ಹಿರಿಯರ ಎತ್ತರ ಅಳೆದು ನೋಡಿ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ತಾಯಿ, ಅತ್ತೆ, ಅಜ್ಜಿ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಅವರನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವನ್ನು ಮಟ್ಟವಾಗಿ ಹಿಡಿದು ಗೋಡೆಗೆ ಗುರುತು ಹಾಕಿ, ಟೇಪಿನಲ್ಲಿ ಎತ್ತರ ಅಳೆಯಿರಿ. ಪ್ರಾಯದಲ್ಲಿ ಎಷ್ಟಿದ್ದರೆಂದು ಕೇಳಿ. ಸರ್ಕಾರಿ ನೌಕರಿಯಲ್ಲಿದ್ದವರಾದರೆ ಸೇವಾ ಪುಸ್ತಕದಲ್ಲಿ ಬರೆದಿರುತ್ತದೆ. ಆಗಿನದಕ್ಕಿಂತ ಈಗ 4 ಸೆಂಟಿಮೀಟರಿಗೂ ಹೆಚ್ಚು ಕುಗ್ಗಿದ್ದರೆ ದಯವಿಟ್ಟು ‘ವಯಸ್ಸಾಯ್ತಲ್ಲ’ ಎಂದು ಬಿಟ್ಟುಬಿಡಬೇಡಿ. ಬೆನ್ನುಮೂಳೆ ಎಲ್ಲೋ ಮುರಿದಿರಬಹುದು. ಮುರಿದದ್ದು ಅವರಿಗೇ ಗೊತ್ತಿಲ್ಲದಿರಬಹುದು.

ಹಳೆಯ ಅಳತೆ ಸಿಗದಿದ್ದರೂ ಸುಳಿವುಗಳು ಕಣ್ಣೆದುರೇ ಇರುತ್ತವೆ. ಎಂದಿನಂತೆ ಉಟ್ಟ ಸೀರೆ ನೆಲ ಗುಡಿಸುತ್ತದೆ. ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಿ ಎಟುಕುವುದಿಲ್ಲ. ಬೆನ್ನು ಗೋಡೆಗೆ ತಾಗಿದರೂ ತಲೆಯ ಹಿಂಭಾಗ ತಾಗುವುದಿಲ್ಲ.

ಮೂಳೆ ಮುರಿದರೆ ತಿಳಿಯದೇ ಇರುತ್ತದೆಯೇ ಎಂದು ನೀವು ಕೇಳಬಹುದು. ಕೈಯೋ ಕಾಲೋ ಆದರೆ ತಿಳಿಯುತ್ತದೆ. ಆಸ್ಟಿಯೊಪೊರೊಸಿಸ್‌ನಿಂದ ಒಳಗೊಳಗೇ ಟೊಳ್ಳಾದ ಬೆನ್ನುಮೂಳೆ ಹಾಗಲ್ಲ. ಕಶೇರುಮಣಿಯ ಮುಂಭಾಗ ಕುಸಿದು ಮಣಿ ಬೆಣೆಯಾಕಾರ ತಾಳುತ್ತದೆ. ಅದಕ್ಕೆ ಬೀಳಲೇಬೇಕೆಂದಿಲ್ಲ. ನೀರಿನ ಕೊಡ ಎತ್ತುವುದು, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಾಗ ಹಂಪಿನ ಮೇಲೆ ಎಗರಿ ಬೀಳುವುದು, ಕೆಲವರಿಗೆ ಜೋರಾಗಿ ಕೆಮ್ಮುವುದೂ ಸಾಕು. ನಾಲ್ಕು ದಿನ ‘ಬೆನ್ನು ಹಿಡಿದುಕೊಂಡಿದೆ’ ಎಂದು ಮುಲಾಮು ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ಏಳುತ್ತಾರೆ. ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರ ಗಮನಕ್ಕೇ ಬರುವುದಿಲ್ಲ.

ಬಾರದೇ ಹೋದರೆ ಏನಾಗುತ್ತದೆ ಎಂಬುದೇ ನನ್ನ ಕಳವಳ. ಒಂದು ಮಣಿ ಕುಸಿದವರಲ್ಲಿ ಇನ್ನೊಂದು ಬೇಗ ಕುಸಿಯುತ್ತದೆ. ಮುಟ್ಟು ನಿಂತ ಮಹಿಳೆಯರ ಬಗ್ಗೆ 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೊಸದಾಗಿ ಬೆನ್ನುಮೂಳೆ ಮುರಿದ ಐವರಲ್ಲಿ ಒಬ್ಬರಿಗೆ ವರ್ಷದೊಳಗೇ ಮತ್ತೊಂದು ಮುರಿತವಾಗಿತ್ತು. ಮಣಿಗಳು ಹೀಗೆ ಕುಸಿಯುತ್ತ ಹೋದಂತೆ ಗೂನು ಬರುತ್ತದೆ, ಪಕ್ಕೆಲುಬು ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ, ಎರಡು ತುತ್ತಿಗೇ ಊಟ ಸಾಕೆನಿಸುತ್ತದೆ, ಉಸಿರು ಕಟ್ಟುತ್ತದೆ. ಸೊಂಟದ ಕೀಲಿನ ಬಳಿ ಮೂಳೆ ಮುರಿದು ಹಾಸಿಗೆ ಹಿಡಿಯುವ ಅಪಾಯವೂ ಏರುತ್ತದೆ.

ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಕಿಲ್ಲ. ಬೆನ್ನುಮೂಳೆಯನ್ನು ಪಕ್ಕದಿಂದ ತೆಗೆದ ಎಕ್ಸ್‌ರೇ ಸಾಕು; ತಾಲ್ಲೂಕು ಆಸ್ಪತ್ರೆಯಲ್ಲೂ ತೆಗೆಯುತ್ತಾರೆ. ‘ಡಾಕ್ಟ್ರೇ, ಎತ್ತರ ಕಡಿಮೆಯಾಗಿದೆ, ಬೆನ್ನಿನ ಎಕ್ಸ್‌ರೇ ಬೇಕಾ?’ ಎಂದು ನೀವೇ ಕೇಳಿ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರವಿಟ್ಟು ಹೇಳುವ ಮೂಳೆಯ ಸಾಂದ್ರತೆಯಿಂದ ಬೆನ್ನಿನ ಮುರಿತ ತಿಳಿಯುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಆಸ್ಟಿಯೊಪೊರೊಸಿಸ್‌ನ ಗಡಿಯಾದ ಮೈನಸ್ 2.5ಕ್ಕೆ ಇಳಿಯದಿದ್ದರೂ, ಪೆಟ್ಟಿಲ್ಲದೆ ಮಣಿ ಕುಸಿದಿದ್ದರೆ ಚಿಕಿತ್ಸೆಗೆ ಅದೇ ಕಾರಣವಾಗಬಹುದು.

ಗಂಡಸರನ್ನೂ ಬಿಡಬೇಡಿ. ಉಬ್ಬಸಕ್ಕೋ ಕೀಲುವಾತಕ್ಕೋ ಮೂರು ತಿಂಗಳಿಗೂ ಮೀರಿ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ವಯಸ್ಸು ಕಡಿಮೆಯಿದ್ದರೂ ಅಪಾಯವಿದೆ. ಹೆಸರಿಲ್ಲದ ನೋವಿನ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ಮಣಿ ಕುಸಿದದ್ದಕ್ಕೆ ಕ್ಷಯವೋ ಕ್ಯಾನ್ಸರೋ ಕಾರಣವಾಗಿರಲೂಬಹುದು. ಆದ್ದರಿಂದ ಜ್ವರ, ತೂಕ ಇಳಿತ, ರಾತ್ರಿ ಬಿಡದ ನೋವು ಇದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮುರಿತ ಪತ್ತೆಯಾದರೆ ದಾರಿಯಿದೆ. ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಡ್ರಿಪ್, ಇನ್ನೂ ಕೆಲವು ಚುಚ್ಚುಮದ್ದುಗಳು ಮುಂದಿನ ಮುರಿತದ ಅಪಾಯವನ್ನು ಚೆನ್ನಾಗಿ ತಗ್ಗಿಸುತ್ತವೆ. ಬರೀ ಕ್ಯಾಲ್ಸಿಯಂ ಮಾತ್ರೆ ಇವುಗಳಿಗೆ ಬದಲಿಯಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದನ್ನಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು; ನಿಲ್ಲಿಸಿದರೆ ಒಟ್ಟಿಗೇ ಹಲವು ಮಣಿಗಳು ಕುಸಿಯಬಹುದು.

ಸ್ಕ್ಯಾನ್ ವರದಿ ಬರೆಯುವ ವೈದ್ಯರಲ್ಲೂ ಒಂದು ಬೇಡಿಕೆ. ಕೆಮ್ಮಿಗೆಂದು, ಪಿತ್ತಕೋಶದ ಕಲ್ಲಿಗೆಂದು ತೆಗೆದ ಸಿಟಿ ಸ್ಕ್ಯಾನಿನಲ್ಲಿ ಬೆನ್ನುಮೂಳೆಯೂ ಕಾಣುತ್ತದೆ. ಕುಸಿದ ಮಣಿ ಕಂಡರೆ ‘ವಯೋಸಹಜ ಬದಲಾವಣೆ’ ಎಂದು ಮುಗಿಸದೆ, ಯಾವ ಮಣಿ, ಎಷ್ಟು ಕುಸಿದಿದೆ ಎಂಬುದರೊಂದಿಗೆ ‘ಮುರಿತ’ ಎಂದೇ ಬರೆಯಿರಿ. ಚಿಕಿತ್ಸೆ ಕೊಡುವ ವೈದ್ಯರು ಎಲ್ಲಕ್ಕಿಂತ ಮೊದಲು ಓದುವುದು ವರದಿಯ ಕೊನೆಯ ನಾಲ್ಕು ಸಾಲು. ಅಲ್ಲಿ ಅದು ಇರಲಿ.