ಮನೆ ನಿಮ್ಮದಾಯಿತು, ಹಂಡೆ ಯಾರದು?



ಸಂತೇಬೆನ್ನೂರಿನಲ್ಲಿ ಕೂತು ಬೆಂಗಳೂರಿನವರಿಗೆ ಮನೆ ವ್ಯಾಪಾರದ ಬುದ್ಧಿ ಹೇಳಲು ಇವನ್ಯಾರು ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಪಿಯುಸಿಗೆ ಓದು ಮುಗಿಸಿ ಅಚ್ಚಿನ ಮಷೀನು ಹಿಡಿದವನು ನಾನು. ಮದುವೆ ಕರೆಯೋಲೆ, ಅಡಿಕೆ ಮಂಡಿಯ ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ವಕೀಲರ ಲೆಟರ್‌ಹೆಡ್ಡು, ಇಷ್ಟೇ ನನ್ನ ಸಾಹಿತ್ಯ. ಆದರೆ ಒಂದು ಮನೆ ಮಾರುವುದನ್ನು ಕಣ್ಣಾರೆ ನೋಡಿದ್ದೇನೆ, ಒಂದು ಮನೆ ಕೊಂಡಿದ್ದೇನೆ. ಎರಡರಲ್ಲೂ ಮನಸ್ಸು ಮುರಿದದ್ದು ಗೋಡೆಗಲ್ಲ, ನಿವೇಶನಕ್ಕಲ್ಲ. ಒಮ್ಮೆ ಒಂದು ಒರಳು ಕಲ್ಲಿಗೆ, ಇನ್ನೊಮ್ಮೆ ಒಂದು ತಾಮ್ರದ ಹಂಡೆಗೆ!

ಮೊದಲು ಒರಳಿನ ಕಥೆ. 1994ರಲ್ಲಿ ಸಾಲ ತೀರಿಸಲು ನಮ್ಮಪ್ಪ ಮನೆ ಮಾರಿದರು. ಕೊಂಡವರು ಪಕ್ಕದ ಬೀದಿಯ ಮೇಷ್ಟ್ರು, ಅಪ್ಪನ ಜೊತೆ ದಿನಾ ಚಹಾ ಕುಡಿಯುತ್ತಿದ್ದವರು. ಅಡಿಗೆಮನೆಯ ನೆಲದಲ್ಲಿ ಹೂತ ಒರಳು ಕಲ್ಲೊಂದಿತ್ತು. ಅವ್ವನ ತವರಿನಿಂದ ಗಾಡಿಯಲ್ಲಿ ಬಂದದ್ದು. ಮನೆ ಬಿಡುವ ಹಿಂದಿನ ರಾತ್ರಿ ಅವ್ವ ಹಠ ಹಿಡಿದಳು, "ಅದು ನನ್ನ ತವರಿಂದು, ಬಿಟ್ಟು ಬರಾಕಿಲ್ಲ." ಅಪ್ಪ ಮಾತಾಡಲಿಲ್ಲ. ಹಾರೆ ಹಿಡಿದು ಅಗೆದವನು ಹದಿನಾಲ್ಕು ವರ್ಷದ ನಾನೇ. ಬೆಳಿಗ್ಗೆ ಮೇಷ್ಟ್ರು ಬಾಗಿಲು ತೆರೆದಾಗ ಅಡಿಗೆಮನೆಯ ನಡುವೆ ಮೊಣಕಾಲುದ್ದದ ಗುಂಡಿ. ಅವರು ಒಂದು ಮಾತೂ ಆಡಲಿಲ್ಲ, ಸಿಮೆಂಟ್ ತರಿಸಿ ಮುಚ್ಚಿಸಿದರು. ಚಹಾ ಮಾತ್ರ ಅವತ್ತಿಗೇ ನಿಂತಿತು. 2003ರಲ್ಲಿ ಅಪ್ಪ ತೀರಿಕೊಂಡಾಗ ಮೇಷ್ಟ್ರು ಬೀದಿಯ ತಿರುವಿನತನಕ ಬಂದು, ಅಲ್ಲೇ ನಿಂತು ಹೊರಟುಹೋದರು.

ತಪ್ಪು ಯಾರದು ಸ್ವಾಮಿ? ಕ್ರಯಪತ್ರವನ್ನು ನಾನು ಬಹಳ ವರ್ಷಗಳ ಮೇಲೆ ಓದಿದೆ. ನಮ್ಮ ಕಡೆ ಹಳೇ ಪತ್ರ ಬರಹಗಾರರು ಬಿಡದೆ ಬರೆಯುವ ಸಾಲು ಅದರಲ್ಲೂ ಇತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇದಕ್ಕೆ ಅಷ್ಟಭೋಗ ಎಂದು ಹೆಸರು. ವಿಜಯನಗರ ಕಾಲದ ದಾನಶಾಸನಗಳಲ್ಲೂ ಇದೇ ಮಾತು ಬರುತ್ತದೆ. ಪಾಷಾಣ ಅಂದರೆ ಕಲ್ಲು ಕಣ್ರೀ! ನಮ್ಮವ್ವನ ಒರಳೂ ಕಲ್ಲೇ. ನೆಲದೊಳಗಿನ ನಿಧಿಯನ್ನೂ ಮಾರಿದ್ದೇವೆಂದು ಅಪ್ಪ ಸಹಿ ಹಾಕಿದ್ದರು, ಆದರೆ ಕಣ್ಣೆದುರಿಗಿದ್ದ ಒರಳಿನ ಬಗ್ಗೆ ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನನ್ನ ಸರದಿ 2011ರಲ್ಲಿ ಬಂತು. ಇದೇ ಊರಲ್ಲಿ ಹಳೇ ಮನೆಯೊಂದನ್ನು ಕೊಂಡೆ. ನೋಡಲು ಹೋದಾಗ ಬಚ್ಚಲಲ್ಲಿ ಒಲೆಗೆ ಕಟ್ಟಿ ಕೂರಿಸಿದ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು. ನನ್ನ ಹೆಂಡತಿ ಮನೆ ಒಪ್ಪಿದ್ದೇ ಅದನ್ನು ನೋಡಿ ಅಂದರೂ ಸುಳ್ಳಲ್ಲ. ಬೀಗದ ಕೈ ಸಿಕ್ಕ ದಿನ ನೋಡಿದರೆ ಒಲೆ ಒಡೆದಿದೆ, ಹಂಡೆ ಇಲ್ಲ! ಬಾವಿಯ ಮೋಟಾರು ಇಲ್ಲ, ಫ್ಯಾನು ಇಲ್ಲ, ಹಜಾರದ ತೂಗುಮಂಚದ ಸರಪಳಿಯೂ ಇಲ್ಲ. ಹೋಲ್ಡರಿನ ಬಲ್ಬುಗಳನ್ನು ಸಹ ಬಿಟ್ಟಿರಲಿಲ್ಲ ಪುಣ್ಯಾತ್ಮರು. ಬಿಟ್ಟುಹೋದದ್ದೇನು ಗೊತ್ತೇ? ಕಾಲು ಮುರಿದ ಬೀರು, ಕೆಟ್ಟ ಫ್ರಿಜ್ಜು, ತಗಣೆ ತುಂಬಿದ ಒಂದು ಮಂಚ. ಅದನ್ನು ಹೊರಗೆ ಸಾಗಿಸಿ ಸುಡಲು ಕೂಲಿ ಕೊಟ್ಟವನು ನಾನು. ಒಯ್ದದ್ದಕ್ಕೆ ಜಗಳ ಮಾಡುವವರು ಬಹಳ, ಬಿಟ್ಟುಹೋದದ್ದಕ್ಕೂ ಜಗಳ ಮಾಡಬಹುದು ಎಂಬುದು ಹೊಳೆಯುವುದೇ ಇಲ್ಲ.

ಕೇಳಲು ಹೋದರೆ, "ಕಿತ್ತರೆ ಬರೋದೆಲ್ಲ ನಮ್ದು" ಅಂದರು. ಇದು ನಮ್ಮ ಜನರ ಕಾನೂನು. ಇದು ನಿಜವಾದರೆ ಮನೆಯೇ ಅವರದ್ದಾಗಬೇಕು! ಮಣಿಪಾಲದ ವಿಜಯನಾಥ ಶೆಣೈಯವರು ಹಾಳಾಗುತ್ತಿದ್ದ ಹಳೆಯ ಮನೆಗಳನ್ನು ಇಡಿಯಾಗಿ ಬಿಚ್ಚಿಸಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಲಿಲ್ಲವೇ? ಮನಸ್ಸು ಮಾಡಿದರೆ ನಮ್ಮೂರ ಹೊಂಡದ ನಡುವೆ ಹನುಮಪ್ಪ ನಾಯಕ ಕಟ್ಟಿಸಿದ ಮಂಟಪವನ್ನೂ ಕಲ್ಲು ಕಲ್ಲಾಗಿ ಬಿಚ್ಚಬಹುದು.

ನಿಜವಾದ ಕಾನೂನು ಬೇರೆ ಇದೆ. ಲೆಟರ್‌ಹೆಡ್ಡಿಗೆ ಬಂದ ಚನ್ನಗಿರಿಯ ವಕೀಲರೊಬ್ಬರನ್ನು ಕೂರಿಸಿಕೊಂಡು ಕೇಳಿ ತಿಳಿದದ್ದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮು ಮನೆ ಮಾರಿದರೆ ಜೊತೆಗೆ ಏನೇನು ಹೋಗುತ್ತದೆ ಎಂದು ಹೇಳುತ್ತದೆ: ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ, ಮನೆಯ ಶಾಶ್ವತ ಬಳಕೆಗೆಂದು ಒದಗಿಸಿದ ಉಳಿದೆಲ್ಲ ವಸ್ತುಗಳು. ನೆಲಕ್ಕೆ ಅಂಟಿದ್ದು ಅಂದರೇನು ಎಂಬುದು 3ನೇ ಕಲಮಿನಲ್ಲಿದೆ. ಬೇರು ಬಿಟ್ಟ ಮರ, ನೆಲದಲ್ಲಿ ನಿಂತ ಗೋಡೆ, ಆ ಗೋಡೆಯ ಶಾಶ್ವತ ಉಪಯೋಗಕ್ಕೆಂದು ಗೋಡೆಗೆ ಸೇರಿಸಿದ್ದು. ಹಾಗಾದರೆ ಮೊಳೆ ಎಷ್ಟು ಉದ್ದ, ಬೋಲ್ಟು ಎಷ್ಟು ಗಟ್ಟಿ ಎಂಬುದೊಂದೇ ಪ್ರಶ್ನೆಯಲ್ಲ. ಯಾರ ಉಪಯೋಗಕ್ಕಾಗಿ ಸೇರಿಸಿದ್ದು? ಮನೆಯ ಉಪಯೋಗಕ್ಕೋ, ಆ ವಸ್ತುವಿನದೇ ಉಪಯೋಗಕ್ಕೋ?

ನನ್ನ ಟ್ರೆಡಲ್ ಮಷೀನನ್ನೇ ತಗೊಳ್ಳಿ. ಕಾಂಕ್ರೀಟಿನಲ್ಲಿ ಬೋಲ್ಟು ಹಾಕಿ ಕೂರಿಸಿದ್ದೇನೆ. ಯಾಕೆ? ಓಡುವಾಗ ಅದು ಕುಣಿಯಬಾರದು ಅಂತ. ಕಟ್ಟಡಕ್ಕೆ ಅದರಿಂದ ಚಿಕ್ಕಾಸಿನ ಲಾಭವಿಲ್ಲ. ಸಿರ್ಪುರ ಕಾಗದ ಕಾರ್ಖಾನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. 1998ರ ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪು ಅದು. ಸರಿಯಾಗಿ ಓಡಲೆಂದು ಕಾಗದದ ಯಂತ್ರವನ್ನು ಕಾಂಕ್ರೀಟಿಗೆ ಬಿಗಿದ ಮಾತ್ರಕ್ಕೆ ಅದು ಸ್ಥಿರಾಸ್ತಿಯಾಗುವುದಿಲ್ಲ. ಹಂಡೆ? ಬಚ್ಚಲನ್ನು ಬಚ್ಚಲಾಗಿ ಬಳಸಲೆಂದೇ ಕಟ್ಟಿ ಕೂರಿಸಿದ್ದು. ವಕೀಲರು ನಕ್ಕು, "ಹಂಡೆ ನಿಮ್ದೇ ಕಣಯ್ಯ, ಆದ್ರೆ ಅದಕ್ಕೆ ಕೋರ್ಟಿಗೆ ಅಲೆದ್ರೆ ಹತ್ತು ಹಂಡೆ ದುಡ್ಡು ಹೋಗ್ತದೆ" ಎಂದರು. ಅಷ್ಟರಲ್ಲಿ ಅದು ಯಾವ ಗುಜರಿಯಲ್ಲಿ ಕರಗಿತ್ತೋ!

ಆದರೆ 8ನೇ ಕಲಮಿನ ಆರಂಭದಲ್ಲೇ ಒಂದು ಮಾತಿದೆ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಬೇರೆ ಉದ್ದೇಶ ವ್ಯಕ್ತವಾಗದಿದ್ದರೆ ಮಾತ್ರ ಈ ನಿಯಮ. ಅಂದರೆ ನೀವಿಬ್ಬರೂ ಕೂತು ಬರೆದುಕೊಂಡದ್ದೇ ಮೇಲು. ಒರಳು ನಮ್ಮದು ಎಂದು ಅಪ್ಪ ಒಂದು ಸಾಲು ಬರೆಸಿದ್ದರೆ ಮೇಷ್ಟ್ರು ಹೂಂ ಅನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಒರಳಲ್ಲ, ಮರ್ಯಾದೆ.

ಈಗ ನಿಮ್ಮ ಬೆಂಗಳೂರಿಗೆ ಬರೋಣ. ಮೊನ್ನೆ ನಮ್ಮಕ್ಕನ ಮಗ ಅಲ್ಲಿ ಹಳೇ ಫ್ಲಾಟು ಕೊಳ್ಳಲು ಹೊರಟು, ಕರಾರಿನ ಕರಡನ್ನು ನನಗೆ ಕಳಿಸಿದ. ಮಾರುವವರು ಹಾಸನದವರು, ಕೊಳ್ಳುವವನು ಸಂತೇಬೆನ್ನೂರಿನವನು, ದಲ್ಲಾಳಿ ತುಮಕೂರಿನವನು. ಕರಾರು ಮಾತ್ರ ಹದಿನೆಂಟು ಪುಟದ ಇಂಗ್ಲಿಷು! ಅದರಲ್ಲಿ 'ಫಿಕ್ಚರ್ಸ್ ಅಂಡ್ ಫಿಟ್ಟಿಂಗ್ಸ್' ಎಂಬ ಮೂರು ಪದ, ಅಷ್ಟೇ. "ಇದರಲ್ಲಿ ಏಸಿ ಬರ್ತದಾ?" ಅಂತ ಕೇಳಿದೆ. "ಬರಬಹುದು ಮಾಮ." "ವಾಷಿಂಗ್ ಮಷೀನು?" "ಗೊತ್ತಿಲ್ಲ." ಇಂಜಿನಿಯರು ಕಣ್ರೀ ಅವನು! ಬಾಯಲ್ಲಿ ಕನ್ನಡದಲ್ಲಿ ಒಪ್ಪಿದ್ದನ್ನು ಅರ್ಥವಾಗದ ಭಾಷೆಯಲ್ಲಿ ಬರೆಸಿ ಮೂವರೂ ತಲೆ ಆಡಿಸುವುದು ಯಾವ ಸೌಭಾಗ್ಯಕ್ಕೆ? ಕರಾರು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳಿಲ್ಲ. ಕನ್ನಡದ ಕ್ರಯಪತ್ರ ನಮ್ಮ ಉಪನೋಂದಣಿ ಕಚೇರಿಗಳಲ್ಲಿ ದಿನಾ ನೋಂದಣಿಯಾಗುತ್ತದೆ. ಬ್ಯಾಂಕಿನವರು ಇಂಗ್ಲಿಷು ಕೇಳಿದರೆ ಅದೂ ಇರಲಿ, ಸಾಮಾನಿನ ಪಟ್ಟಿಯಾದರೂ ಕನ್ನಡದಲ್ಲಿ ಬರೆದು ಲಗತ್ತಿಸಿ.

ಆ ಕರಡಿನಲ್ಲಿ ಇನ್ನೊಂದು ಚಮತ್ಕಾರ. ಮಾತಾದ ಬೆಲೆ 68 ಲಕ್ಷ. ದಲ್ಲಾಳಿಯ ಸಲಹೆ: ಪತ್ರಕ್ಕೆ 58 ಲಕ್ಷ, ಪೀಠೋಪಕರಣಕ್ಕೆ ಬೇರೆ ಕಾಗದದಲ್ಲಿ 10 ಲಕ್ಷ. ಅಲ್ಲಿದ್ದ ಪೀಠೋಪಕರಣ ಏನು? ಒಂದು ಸೋಫಾ, ಎರಡು ಮಂಚ, ಗೋಡೆಗೆ ಬಿಗಿದ ಕಪಾಟು, ಎಂಟು ವರ್ಷದ ಫ್ರಿಜ್ಜು. ಆಸೆ ಹುಟ್ಟುವುದು ಸಹಜ. 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ನೂರಕ್ಕೆ ಐದು, ಮೇಲೆ ಸೆಸ್ಸು ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದರ ಬದಲು ಎರಡಾಗಿದೆ. ಹತ್ತು ಲಕ್ಷ ಕಡಿಮೆ ತೋರಿಸಿದರೆ 70 ಸಾವಿರದ ಮೇಲೆ ಉಳಿಯಿತಲ್ಲ ಎಂದು ನಿಮಗನ್ನಿಸುತ್ತದೆ. ಮಾರುವವರಿಗೆ ಇನ್ನೂ ಸಿಹಿ, ಏಕೆಂದರೆ ಮನೆಬಳಕೆಯ ಪೀಠೋಪಕರಣ ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ.

ಆದರೆ ಕಹಿ ನಿಮ್ಮ ಪಾಲಿಗೆ. ಬ್ಯಾಂಕು ಮನೆಗೆ ಸಾಲ ಕೊಡುತ್ತದೆ, ಸೋಫಾಕ್ಕಲ್ಲ. ಪತ್ರದ ಬೆಲೆ ಇಳಿದಷ್ಟೂ ಕೈಯಿಂದ ಹಾಕುವ ದುಡ್ಡು ಹೆಚ್ಚು. ನಾಳೆ ನೀವು ಮಾರುವಾಗ ನಿಮ್ಮ ಖರೀದಿ ಬೆಲೆ 58 ಎಂದೇ ಲೆಕ್ಕ, ಆ ಹತ್ತರ ಮೇಲಿನ ತೆರಿಗೆ ನಿಮ್ಮ ತಲೆಗೆ. ಬೆಲೆ ಕಡಿಮೆ ಕಾಣಿಸಿದೆ ಎಂದು ನೋಂದಣಿ ಇಲಾಖೆ ಕೆದಕಿದರೆ ಅದೂ ನಿಮಗೇ ನೋಟೀಸು. ದೊಡ್ಡ ಕಂಪನಿಗಳೇ ಈ ಆಟ ಗೆದ್ದಿಲ್ಲ. ಉತ್ತರ ಪ್ರದೇಶದಲ್ಲಿ ಗೊಬ್ಬರದ ಕಾರ್ಖಾನೆಯೊಂದು ಕೈ ಬದಲಾದಾಗ, ಯಂತ್ರಗಳು ಚರಾಸ್ತಿ, ಕೈಯಿಂದ ಕೈಗೆ ಕೊಟ್ಟಿದ್ದೇವೆ, ಅವಕ್ಕೆ ಮುದ್ರಾಂಕ ಶುಲ್ಕವಿಲ್ಲ ಎಂದು ವಾದಿಸಿದರು. ಡಂಕನ್ಸ್ ಇಂಡಸ್ಟ್ರೀಸ್ ಮೊಕದ್ದಮೆ, 2000ದ ವರದಿಗಳಲ್ಲಿದೆ. ಶಾಶ್ವತವಾಗಿ ಕಾರ್ಖಾನೆ ನಡೆಸಲೆಂದೇ ನೆಲಕ್ಕೆ ನಿಲ್ಲಿಸಿದ್ದು ಸ್ಥಿರಾಸ್ತಿಯೇ, ಶುಲ್ಕ ಕಟ್ಟಿ ಎಂದಿತು ಸುಪ್ರೀಂ ಕೋರ್ಟು. ನಿಮ್ಮ ಗೋಡೆಯ ಕಪಾಟು, ಅಡಿಗೆಮನೆಯ ಕಟ್ಟೆ ಕೆಳಗಿನ ಪೆಟ್ಟಿಗೆಗಳು ಮನೆಯ ಬೆಲೆಯಲ್ಲೇ ಬಂದವು. ಅವಕ್ಕೆ ಇನ್ನೊಮ್ಮೆ ದುಡ್ಡು ಕೇಳಿದರೆ ಕೊಡಬೇಡಿ.

ನಿಜವಾಗಿ ಬಿಡಿ ಸಾಮಾನು ಕೊಳ್ಳುವುದಿದ್ದರೆ ಹಳೇ ಸಾಮಾನಿನಂಗಡಿ ಬೆಲೆ ವಿಚಾರಿಸಿ, ಅಷ್ಟಕ್ಕೆ ಬೇರೆ ರಸೀದಿ ಮಾಡಿಸಿ, ಚೆಕ್ಕಿನಲ್ಲೇ ಕೊಡಿ. ಮನೆಯ ಹಣದಲ್ಲಂತೂ 20,000 ರೂಪಾಯಿ ಮುಟ್ಟಿದರೆ ನಗದು ಪಡೆಯುವಂತಿಲ್ಲ, 2015ರ ಜೂನ್ 1ರಿಂದ ಈ ನಿಯಮ. ಬಿಲ್ಲು ಕೇಳಿ. ಈಗ ಬೆಂಗಳೂರಲ್ಲಿ ಮಂಚ, ಫ್ರಿಜ್ಜು ಎಲ್ಲ ತಿಂಗಳ ಬಾಡಿಗೆಗೂ ಸಿಗುತ್ತವೆ, ಕಂತಿನ ಮೇಲೂ ಸಿಗುತ್ತವೆ. ತನ್ನದಲ್ಲದ್ದನ್ನು ಒಬ್ಬ ನಿಮಗೆ ಮಾರಲಾರ, ಬಾಡಿಗೆ ಕಂಪನಿಯವನು ಬಂದು ಎತ್ತಿಕೊಂಡು ಹೋದರೆ ನೋಡುತ್ತ ನಿಲ್ಲಬೇಕು. ಸಿಂಕಿನ ಕೆಳಗೆ ಕೈ ಹಾಕಿ ನೋಡಿ, ಹಲಗೆ ಉಬ್ಬಿದ್ದರೆ ಅದು ತೇಗವಲ್ಲ, ಪುಡಿ ಒತ್ತಿ ಮಾಡಿದ್ದು. ಹಾಸಿಗೆ ಎತ್ತಿ ಮೂಲೆ ನೋಡಿ. ತಗಣೆಯ ವಿಷಯದಲ್ಲಿ ನಾನು ಅನುಭವಸ್ಥ! ಗೀಸರು, ಏಸಿ, ಇನ್ವರ್ಟರು ಎಲ್ಲ ಓಡಿಸಿಯೇ ನೋಡಿ. ಹಳೇ ಐದು ನಕ್ಷತ್ರದ ಚೀಟಿ ನೋಡಿ ಮರುಳಾಗಬೇಡಿ, ಆ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ. ಗ್ಯಾಸ್ ಸಿಲಿಂಡರು ಕಂಪನಿಯದು, ಅದನ್ನು ಯಾರೂ ಮಾರುವಂತಿಲ್ಲ. ಕರೆಂಟ್ ಬಾಕಿಯ ರಸೀದಿ ಕೈಗೆ ಬಾರದೆ ಕೊನೆಯ ಕಂತು ಕೊಡಬೇಡಿ. ಹಿಂದಿನವನ ಬಾಕಿ ತೀರಿಸದೆ ಹೊಸಬನಿಗೆ ಸಂಪರ್ಕವಿಲ್ಲ ಎನ್ನುವ ನಿಯಮವನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ.

ಪಟ್ಟಿ ಹೇಗಿರಬೇಕು? ಮುಂಗಡ ಕೊಡುವ ಮೊದಲು ಬರೆಯಿರಿ, ಕೊಟ್ಟ ಮೇಲೆ ಯಾರೂ ಬಗ್ಗುವುದಿಲ್ಲ. ಕೋಣೆಯಿಂದ ಕೋಣೆಗೆ ನಡೆಯುತ್ತ ಕಂಡದ್ದೆಲ್ಲ ಬರೆಯಿರಿ. ಮೂರು ಕಲಂ ಸಾಕು: ಇಲ್ಲೇ ಉಳಿಯುವುದು, ಮಾರುವವರು ಒಯ್ಯುವುದು, ಮಾರುವವರೇ ತೆರವು ಮಾಡಬೇಕಾದ್ದು. 'ಏಸಿ ಒಂದು' ಎಂದರೆ ಸಾಲದು. ಕಂಪನಿ, ಅದರ ಮೇಲಿನ ನಂಬರು, ಇರುವ ಕೋಣೆ ಬರೆಯಿರಿ, ಇಲ್ಲದಿದ್ದರೆ ಹೊಸದು ಹೋಗಿ ಹಳೆಯದು ಬಂದು ಕೂರುತ್ತದೆ. ಕಿತ್ತ ಜಾಗದ ತೂತು ಯಾರು ಮುಚ್ಚಬೇಕು ಎಂದೂ ಬರೆಯಿರಿ. ಪ್ರತಿ ಪುಟಕ್ಕೂ ಇಬ್ಬರ ಸಹಿ. ನೋಂದಣಿಯ ದಿನ ಬೆಳಿಗ್ಗೆ ಪಟ್ಟಿ ಹಿಡಿದು ಇನ್ನೊಮ್ಮೆ ಮನೆ ಸುತ್ತಿ, ಆಮೇಲೆ ಕಚೇರಿಗೆ ಹೋಗಿ. ಇದೆಲ್ಲ ಕೇಳಿದರೆ ಅಪನಂಬಿಕೆ ಅಂದುಕೊಂಡಾರು ಎಂಬ ಸಂಕೋಚ ಬೇಡ. ಸಂಕೋಚಪಟ್ಟ ನಮ್ಮಪ್ಪ ಗೆಳೆಯನನ್ನು ಕಳೆದುಕೊಂಡರು.

ಅಕ್ಕನ ಮಗ ಕೊನೆಗೆ ಒಂದೇ ಪತ್ರ, 68 ಲಕ್ಷ ಎಂದು ಹಠ ಹಿಡಿದ. ದಲ್ಲಾಳಿ ಮುಖ ಸಿಂಡರಿಸಿದ. ಮೂರು ಪುಟದ ಕನ್ನಡ ಪಟ್ಟಿಯನ್ನು ನಾನೇ ಕಂಪೋಸ್ ಮಾಡಿ ಕಳಿಸಿದೆ. ಅದನ್ನು ಹಾಸನದವರ ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ, ಅಲ್ಲಿಯತನಕ ಬಾಯಿ ಬಿಡದ ಅವರ ಮುದಿ ತಾಯಿ, "ಬಾಲ್ಕನಿ ಉಯ್ಯಾಲೆನೂ ಕೊಟ್ಬಿಟ್ರಾ?" ಎಂದು ಕೇಳಿದರಂತೆ. ಮಗನಿಗೆ ಅದು ನೆನಪೇ ಇರಲಿಲ್ಲ. ನಮ್ಮ ಹುಡುಗ ಅಲ್ಲೇ ಪೆನ್ನು ತೆಗೆದು ಉಯ್ಯಾಲೆಯನ್ನು ಎರಡನೇ ಕಲಮಿಗೆ ಬರೆದ. ಅವರು ಹಾಸನಕ್ಕೆ ಲಾರಿ ಹೇರಿದಾಗ ಮೊದಲು ಏರಿದ್ದು ಅದೇ. ಕೊಕ್ಕೆ ಮಾತ್ರ ಚಾವಣಿಯಲ್ಲೇ ಉಳಿದಿದೆ, ಅದು ನಮ್ಮ ಕಲಮಿನಲ್ಲಿತ್ತು.